ರುಚಿ ಬುಕ್ಕಿನ ಸೋಮವಾರ

ಮುಂಡರಗಿ ಊರಾಚೆ ಇರುವ ಹೆಣ್ಣುಮಕ್ಕಳ ವಸತಿ ಶಾಲೆಯ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಮೇಲಿನ ಮೊಳೆಗೆ ಒಂದು ಉದ್ದನೆಯ ರಜಿಸ್ಟರ್ ತೂಗಿರುತ್ತಿತ್ತು. ಮಕ್ಕಳಿಗೆ ಬಡಿಸುವ ಅರ್ಧ ತಾಸು ಮೊದಲು ಮೂರು ಮಂದಿ ಅಡುಗೆಯನ್ನು ತಿಂದು ನೋಡಬೇಕು, ತಿಂದವರು ಅದರಲ್ಲಿ ಸಹಿ ಮಾಡಬೇಕು: ವಾರ್ಡನ್, ಆ ದಿನದ ಪಾಳಿಯ ಶಿಕ್ಷಕಿ, ಮುಖ್ಯ ಅಡುಗೆಯವಳು. ಎಲ್ಲರೂ ಅದನ್ನು ರುಚಿ ಬುಕ್ಕು ಎನ್ನುತ್ತಿದ್ದರು. ಶಾಲೆ ನಡೆಸುವ ಸಂಸ್ಥೆಯ ಮುಖ್ಯ ಕಚೇರಿ ಗದಗಿನಲ್ಲಿತ್ತು. ಪ್ರತಿ ಶನಿವಾರ ಆ ಪುಟದ ಫೋಟೋ ಅಲ್ಲಿಗೆ ಹೋಗಬೇಕಿತ್ತು. ಪುಟಕ್ಕೆ ಹನ್ನೆರಡು ಸಾಲು, ಎರಡು ವಾರದ ಲೆಕ್ಕ. ಒಮ್ಮೆ ಅರ್ಧ ತುಂಬಿದ ಪುಟದ ಫೋಟೋ ಕಳಿಸಿದ್ದಕ್ಕೆ, ಕೆಳಗಿನ ಸಾಲುಗಳು ಯಾಕೆ ಖಾಲಿ ಇವೆ ಎಂದು ಗದಗಿನಿಂದ ಮೆಮೊ ಬಂದಿತ್ತು. ಅಂದಿನಿಂದ ಗುಮಾಸ್ತ ಕೊಟ್ರೇಶ ಶನಿವಾರ ಮಧ್ಯಾಹ್ನವೇ ಬಂದು ಮುಂದಿನ ಆರು ದಿನದ ಸಹಿಯನ್ನೂ ಮಾಡಿಸಿಕೊಂಡು ಹೋಗುತ್ತಿದ್ದ.

ಸಾವಿತ್ರೆವ್ವ ಅಲ್ಲಿ ಒಂಬತ್ತು ವರ್ಷದಿಂದ ಮುಖ್ಯ ಅಡುಗೆಯವಳು. ಕೊಟ್ರೇಶ ಬಂದಾಗ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆರು ಸಾಲಿಗೂ ಒಂದೇ ಸಮ ಹೆಸರು ಬರೆದು, ಮತ್ತೆ ಹಿಟ್ಟು ನಾದಲು ಕೂರುತ್ತಿದ್ದಳು. ಸಂಸ್ಥೆಯಲ್ಲಿ ದುಡಿಯುವವರ ಒಂದು ಮಗುವಿಗೆ ಅಲ್ಲಿ ಓದು ಪುಕ್ಕಟೆಯಾದ್ದರಿಂದ ಅವಳ ಮಗಳು ಸುಶ್ಮಿತಾ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಬೆಳಿಗ್ಗೆ ತಾಯಿಯೊಂದಿಗೆ ನಡೆದು ಹೋಗಿ, ಮಧ್ಯಾಹ್ನ ತಾಯಿ ಮಾಡಿದ್ದನ್ನೇ ಪಂಕ್ತಿಯಲ್ಲಿ ಕೂತು ಉಂಡು, ಸಂಜೆ ತಾಯಿಯೊಂದಿಗೇ ಮನೆಗೆ ಬರುತ್ತಿದ್ದಳು.

ಗಂಡ ಕಳಕೇಶ ಹಿಂದಿನ ವರ್ಷದವರೆಗೆ ಹಿಟ್ಟಿನ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಲಾರಿಯಿಂದ ಚೀಲ ಇಳಿಸುವಾಗ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಕೋಲು ಹಿಡಿದ. ಈಗ ದಿನಕ್ಕೆರಡು ತಾಸು ಗಿರಣಿಯಲ್ಲಿ ಕೂತು ಜನರ ಡಬ್ಬಿಗಳನ್ನು ಪಾಳಿಗೆ ಹಚ್ಚುತ್ತಾನೆ. ಮಾಲೀಕ ಹಳೆಯ ಪರಿಚಯಕ್ಕೆ ಕೊಡುವುದು ಚಹಾಕ್ಕೆ ಸಾಕಾಗುತ್ತದೆ. ಹೀಗಾಗಿ ಮನೆ ನಡೆಯುತ್ತಿದ್ದುದು ಸಾವಿತ್ರೆವ್ವನ ಪಗಾರದಿಂದ.

ಕಳಕೇಶ ಆಸ್ಪತ್ರೆಯಲ್ಲಿದ್ದಾಗ ಅವನ ತಾಯಿ ಮರಿಯವ್ವ ಒಂದು ಹರಕೆ ಹೊತ್ತಿದ್ದಳು. ಮಗ ಎದ್ದು ಓಡಾಡಿದರೆ ಮೂರು ವರ್ಷ ಶ್ರಾವಣದ ಎಲ್ಲ ಸೋಮವಾರ ಸೊಸೆ ಸಂಜೆಯ ತನಕ ನಿಟ್ಟುಪವಾಸ ಮಾಡುತ್ತಾಳೆ ಎಂದು. ಸೊಸೆಯನ್ನು ಕೇಳಿರಲಿಲ್ಲ.

“ಹರಕಿ ಹೊತ್ತಾಕಿ ನೀವು, ಉಪಾಸ ಬೀಳಾಕಿ ನಾನು,” ಎಂದಿದ್ದಳು ಸಾವಿತ್ರೆವ್ವ.

“ನನಗ ಸಕ್ಕರಿ ಬ್ಯಾನಿ ಐತೆವ್ವ. ಇಲ್ಲಾಂದ್ರ ನಿನ್ನ ಕೇಳತಿದ್ನೇನ?” ಎಂದು ಮುದುಕಿ ಮಾತು ಮುಗಿಸಿದ್ದಳು. ಮಗ ಕೋಲು ಹಿಡಿದಾದರೂ ನಡೆದಿದ್ದ, ಹರಕೆ ತೀರಿಸಲೇಬೇಕಿತ್ತು.

ಈ ವರ್ಷ ಶ್ರಾವಣದ ಮೊದಲ ಸೋಮವಾರವೇ ನಾಗರಚೌತಿ. ಸಾವಿತ್ರೆವ್ವ ನಸುಕಿನಲ್ಲಿ ತಣ್ಣೀರು ಹೊಯ್ದುಕೊಂಡು, ಅತ್ತೆ ಕಟ್ಟಿಟ್ಟ ಶೇಂಗಾ ಉಂಡೆಗಳ ಬುಟ್ಟಿಯನ್ನು ದಾಟಿಕೊಂಡು ಕೆಲಸಕ್ಕೆ ಹೋದಳು. ಪಂಚಮಿಗೆಂದು ಅರ್ಧ ಹುಡುಗಿಯರು ಊರಿಗೆ ಹೋಗಿದ್ದರು. ವಾರ್ಡನ್ ಕಾವೇರಿ ಮೇಡಂ ರವಿವಾರವೇ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದರು. ಉಳಿದ ಅರವತ್ತು ಮಕ್ಕಳಿಗೆ ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ, ಮಜ್ಜಿಗೆ. ಹತ್ತು ಗಂಟೆಗೆ ಕರೆಂಟು ಹೋಗಿ ಫಿಲ್ಟರ್ ನಿಂತಿತು. ಮಜ್ಜಿಗೆಗೆ ನೀರಿಲ್ಲ ಎಂದು ಅವಳು ಕಚೇರಿಯ ಬಾಗಿಲಿಗೆ ಹೋಗಿ ಕೇಳಿದಾಗ ಕೊಟ್ರೇಶ ಫೋನಿನಿಂದ ತಲೆಯೆತ್ತದೆ, ಟಾಕಿ ನೀರು ಹಾಕಿ, ಒಂದು ದಿನಕ್ಕೆ ಏನಾಗುತ್ತದೆ ಎಂದ.

ಮಾಳಿಗೆಯ ಮೇಲಿನ ಆ ಟಾಕಿಯ ಮುಚ್ಚಳ ಜೂನಿನ ಗಾಳಿಗೆ ಹಾರಿಹೋಗಿತ್ತು. ಪಾರಿವಾಳಗಳು ಅದರ ಅಂಚಿನಲ್ಲಿ ಕೂರುತ್ತಿದ್ದವು. ಸಾವಿತ್ರೆವ್ವ ಮೂರು ಸಲ ಹೇಳಿದ್ದಳು. ಬರೆದು ಕೊಡು ಎಂದಿದ್ದರು ಮೇಡಂ. ಸುಶ್ಮಿತಾ ನೋಟುಬುಕ್ಕಿನ ಹಾಳೆ ಹರಿದು ಬರೆದುಕೊಟ್ಟಿದ್ದಳು. ಕೊಟ್ರೇಶ ಅದನ್ನು ತೆಗೆದುಕೊಂಡು ಮೇಜಿನ ಗಾಜಿನ ಕೆಳಗೆ ಸರಿಸಿದ್ದ.

ಅಡುಗೆ ಮುಗಿದಾಗ ಸಾವಿತ್ರೆವ್ವ ಸಾರಿನ ಮೇಲೆ ಬಗ್ಗಿ ವಾಸನೆ ಹಿಡಿದಳು. ಒಂಬತ್ತು ವರ್ಷದ ಕೈ, ಉಪ್ಪು ಹೆಚ್ಚೋ ಕಡಿಮೆಯೋ ಮೂಗಿಗೇ ತಿಳಿಯುತ್ತಿತ್ತು. ಸಹಾಯಕಿ ಹನಮವ್ವ ಸೌಟಿನಿಂದ ಎರಡು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಸರಿ ಇದೆ ಎಂದಳು. ಟಾಕಿ ನೀರು ಬೆರೆಸಿದ ಮಜ್ಜಿಗೆಯ ರುಚಿಯನ್ನು ಯಾರೂ ನೋಡಲಿಲ್ಲ. ಪಾಳಿಯ ಶಿಕ್ಷಕಿ ಅಡುಗೆಮನೆಗೆ ಬರಲೇ ಇಲ್ಲ. ರುಚಿ ಬುಕ್ಕಿನಲ್ಲಿ ಆ ಸೋಮವಾರದ ಮೂರು ಸಹಿಗಳೂ ಶನಿವಾರವೇ ಆಗಿದ್ದವು.

ಮೂರು ಗಂಟೆಯ ಹೊತ್ತಿಗೆ ಮೊದಲ ಹುಡುಗಿ ವಾಂತಿ ಮಾಡಿಕೊಂಡಳು. ಐದರೊಳಗೆ ಇಪ್ಪತ್ತಮೂರು ಮಂದಿ. ಅವರಲ್ಲಿ ಸುಶ್ಮಿತಾಳೂ ಒಬ್ಬಳು. ಸಾವಿತ್ರೆವ್ವ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಯ ವರಾಂಡದುದ್ದಕ್ಕೂ ಓಡಾಡುತ್ತ ಹುಡುಗಿಯರ ಬಾಯಿ ಒರೆಸಿದಳು, ಮಗಳ ತಲೆ ಹಿಡಿದಳು. ಮರುದಿನ ಮಧ್ಯಾಹ್ನದೊಳಗೆ ಎಲ್ಲರೂ ಎದ್ದು ಕೂತರು, ಯಾರಿಗೂ ಹೆಚ್ಚಿನದೇನೂ ಆಗಲಿಲ್ಲ. ಪಾಲಕರು ಬಂದು ಶಾಲೆಯ ಗೇಟಿನಲ್ಲಿ ಕೂಗಾಡಿ ಹೋದರು. ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ಮೇಡಂ ಫೋನು ಮಾಡಿ ಟಾಕಿ ತೊಳೆಸಿ, ಹೊಸ ಮುಚ್ಚಳ ಹಾಕಿಸಿದ್ದರು. ನೀರಿನ ಮಾದರಿ ಒಯ್ಯುವವರು ಬಂದದ್ದು ಅದರ ಮರುದಿನ.

ಶುಕ್ರವಾರ ನೋಟೀಸು ಬಂತು. ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಅಲ್ಲಿಯ ತನಕ ಅಡುಗೆಮನೆಗೆ ಹೋಗಕೂಡದು, ಆದರೆ ದಿನಾ ಬಂದು ಹಾಜರಿ ಸಹಿ ಮಾಡಬೇಕು.

ರೊಟ್ಟಿ ಬಡಿಯುತ್ತಿದ್ದ ಸಾವಿತ್ರೆವ್ವನ ಎದುರು ಕೂತು ಸುಶ್ಮಿತಾ ಉತ್ತರ ಬರೆದಳು. ಟಾಕಿಯ ಮುಚ್ಚಳ, ಕೊಟ್ಟ ಅರ್ಜಿ, ಕರೆಂಟು, ಕೊಟ್ರೇಶ ಹೇಳಿದ ಮಾತು, ಎಲ್ಲವನ್ನೂ. ಕಳಕೇಶ ಗೋಡೆಗೆ ಒರಗಿ ಕೇಳುತ್ತಿದ್ದವನು, ಕೊಟ್ರೇಶನ ಹೆಸರು ತೆಗೆ ಎಂದ.

“ಯಾಕಪ್ಪಾ? ಅವರ ಹೇಳ್ಯಾರಲ್ಲ.”

“ಅವನ ಕೈಯಾಗನ ಈ ಕಾಗದ ಕೊಡಬೇಕು. ಅವನ ಹೆಸರ ಬರದ್ರ ಒಳಗ ಹೋಗತೈತೇನ ಇದು?”

ಸುಶ್ಮಿತಾ ಸಾವಿತ್ರೆವ್ವನ ಮುಖ ನೋಡಿದಳು. ಸಾವಿತ್ರೆವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ಅಪ್ಪ ಹೇಳಿದಂತೆ ಮಾಡು ಎಂದಳು. ಹುಡುಗಿ ಇನ್ನೊಂದು ಹಾಳೆ ತೆಗೆದುಕೊಂಡಳು.

ಸೋಮವಾರ ಅದನ್ನು ಒಯ್ದಾಗ ಕೊಟ್ರೇಶ ಓದದೆಯೇ ತಿರುಗಿ ಕೊಟ್ಟ. ಗೆರೆ ಇರುವ ಹಾಳೆ ನಡೆಯುವುದಿಲ್ಲ, ಬಿಳಿ ಹಾಳೆ ಬೇಕು. ಮಂಗಳವಾರ ಬಿಳಿ ಹಾಳೆಯಲ್ಲಿ ಒಯ್ದಳು. ವಾರ್ಡನ್ನರ ಮೂಲಕ ಎಂದು ಮೇಲೆ ಬರೆದು ಅವರ ಸಹಿ ಹಾಕಿಸಬೇಕು ಎಂದ. ಮೇಡಂ ರಜೆಯನ್ನು ಮುಂದುವರಿಸಿದ್ದರು. ಅವರು ಬಂದದ್ದು ಶುಕ್ರವಾರ. ಬಂದವರು ಕಾಗದವನ್ನು ನಿಂತಲ್ಲೇ ಓದಿ, ಟಾಕಿಯ ಅರ್ಜಿ ಕೊಟ್ಟದ್ದಕ್ಕೆ ಏನು ಪುರಾವೆ ಎಂದರು. ಕೊಟ್ರೇಶ ಬಂದ ಕಾಗದಗಳನ್ನು ಬರೆದುಕೊಳ್ಳುವ ವಹಿಯನ್ನು ತೆಗೆದು ಜೂನಿನ ಪುಟಗಳನ್ನು ಒಂದೊಂದಾಗಿ ಮಗುಚಿ ತೋರಿಸಿದ. ಅದರಲ್ಲಿ ಇರಲಿಲ್ಲ.

“ನೀವ ಗಾಜಿನ ಕೆಳಗ ಇಟ್ಟಿದ್ರಿ ಸರ,” ಎಂದಳು ಸಾವಿತ್ರೆವ್ವ.

“ಗಾಜಿನ ಕೆಳಗ ದೇವರ ಫೋಟೋ ಐತ್ರೆವ್ವ. ನೋಡ್ರಿ ಬೇಕಾದ್ರ.”

ಉತ್ತರ ಗದಗಿಗೆ ಹೋದದ್ದು ಗಡುವು ಮುಗಿದ ಐದು ದಿನಕ್ಕೆ. ತಡವಾದದ್ದಕ್ಕೆ ಬೇರೆ ವಿವರಣೆ ಕೊಡಬೇಕೆಂದು ಇನ್ನೊಂದು ಕಾಗದ ಬಂತು.

ದಿನಾ ಒಂಬತ್ತಕ್ಕೆ ಹೋಗಿ ಹಾಜರಿ ಹಾಕಿ, ಕಚೇರಿಯ ಹೊರಗಿನ ಬಾಕಿನ ಮೇಲೆ ಐದರ ತನಕ ಸಾವಿತ್ರೆವ್ವ ಕೂರುತ್ತಿದ್ದಳು. ಅಲ್ಲಿಂದ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಒಗ್ಗರಣೆ ಸೀದ ವಾಸನೆ ಬಂದರೆ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಮೊದಮೊದಲು ಹನಮವ್ವ ಕಿಟಕಿಗೆ ಬಂದು ಹುಣಸೆಹಣ್ಣು ಎಷ್ಟು, ಬೆಲ್ಲ ಎಷ್ಟು ಎಂದು ಕೇಳುತ್ತಿದ್ದಳು. ಅವಳೊಂದಿಗೆ ಮಾತಾಡಬಾರದೆಂದು ಮೇಡಂ ಹೇಳಿದ ಮೇಲೆ ಕಿಟಕಿಯನ್ನು ಮುಚ್ಚಿಕೊಂಡಳು.

ಪಂಕ್ತಿಯಲ್ಲಿ ಸುಶ್ಮಿತಾಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಒಬ್ಬಳು ಅವಳ ತಟ್ಟೆಯನ್ನು ಬೆರಳಿನಿಂದ ಸರಿಸಿ, ಇದರಲ್ಲಿ ಉಂಡರೆ ದವಾಖಾನೆ ಸಮೀಪ ಅಂದಳಂತೆ. ಮರುದಿನದಿಂದ ಸುಶ್ಮಿತಾ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋದಳು. ರೊಟ್ಟಿ, ಗುರೆಳ್ಳು ಚಟ್ನಿ. ಮಧ್ಯಾಹ್ನ ತಾಯಿಯ ಬಾಕಿಗೆ ಬಂದು ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದರು. ಮೂರನೆಯ ದಿನ ಮೇಡಂ ಅದನ್ನೂ ಬೇಡವೆಂದರು. ವಿದ್ಯಾರ್ಥಿನಿಯರು ಕಚೇರಿಯ ಕಡೆ ಬರಬಾರದು.

ಮನೆಯಲ್ಲಿ ಜಗಳಕ್ಕೆ ಕಾರಣ ಬೇಕಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಮರಿಯವ್ವ ಅಂದರೆ ಸಾವಿತ್ರೆವ್ವ ತಾಟು ಕುಕ್ಕುತ್ತಿದ್ದಳು. ಗಿರಣಿಯಲ್ಲಿ ಯಾರೋ ಏನೋ ಅಂದದ್ದನ್ನು ಹೊತ್ತುಕೊಂಡು ಬಂದ ಕಳಕೇಶ, ಆ ದಿನ ಮಜ್ಜಿಗೆ ಮಾಡದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳುತ್ತಿದ್ದ. ಒಂದು ಸಂಜೆ ಅವಳು ಪುಂಡಿಪಲ್ಯ ಹೆಚ್ಚುತ್ತಿದ್ದಾಗ ಮತ್ತೆ ಅದನ್ನೇ ಕೇಳಿದ.

“ಬಿಸಲಾಗ ಆಡಿ ಬಂದ ಹುಡುಗ್ಯಾರು ಮಜ್ಜಿಗಿ ಮಜ್ಜಿಗಿ ಅಂತ ಬಾಯಿ ಬಿಡತಿದ್ವು,” ಎಂದಳು. “ನಿನ್ನ ಮಗಳೂ ಬಿಟ್ಟಿದ್ಲು.”

“ಅದನ್ನ ಹೇಳು ಅವರ ಮುಂದ.”

“ಹೇಳಾಕ ಬಿಳಿ ಹಾಳಿ ಬೇಕಂತ. ತಂದ್ಕೊಡು.”

ಮರಿಯವ್ವ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದವಳು, ಗಂಡ ಹೆಂಡತಿ ಸುಮ್ಮನಿರಿ, ದೇವರು ಶಂಕರಪ್ಪ ನೋಡಿಕೊಳ್ಳುತ್ತಾನೆ ಎಂದಳು. ಉಳಿದ ಸೋಮವಾರಗಳ ಉಪವಾಸವನ್ನು ಸೊಸೆ ಬಿಡದೆ ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಬಾಕಿನ ಮೇಲೆ ಕೂತು ಸಂಜೆಯ ತನಕ ನೀರೂ ಇಲ್ಲದೆ. ಕಡೆಯ ಸೋಮವಾರ ಸಾವಿತ್ರೆವ್ವ ದೇವರಿಗೆ ದೀಪ ಹಚ್ಚಿ ಹೊರಳಿದಾಗ ಮುದುಕಿ ತಾನೇ ಎದ್ದು, ಮೊಣಕಾಲು ಹಿಡಿದುಕೊಂಡು, ಅವಳಿಗೆ ಬಿಸಿ ಉಪ್ಪಿಟ್ಟು ಹಾಕಿ ಕೊಟ್ಟಳು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ನೀರಿನ ವರದಿ ಬಂತು. ದೋಷ ಕಂಡುಬಂದಿಲ್ಲ. ದಿನದ ಅಡುಗೆಯ ಸ್ವಲ್ಪ ಭಾಗವನ್ನು ಫ್ರಿಜ್ಜಿನಲ್ಲಿ ತೆಗೆದಿಡಬೇಕೆಂಬ ನಿಯಮವಿತ್ತು, ಫ್ರಿಜ್ಜು ಯುಗಾದಿಯಿಂದ ಕೆಟ್ಟಿತ್ತು. ನೀರು ಸರಿ ಇದ್ದ ಮೇಲೆ ತಪ್ಪು ಅಡುಗೆಯದು ಎಂದು ಎಲ್ಲರೂ ಮಾತಾಡತೊಡಗಿದರು. ಸೆಪ್ಟೆಂಬರಿನ ಎರಡನೆಯ ಬುಧವಾರ ಗದಗಿನ ಮುಖ್ಯ ಕಚೇರಿಯಲ್ಲಿ ವಿಚಾರಣೆಗೆ ಹಾಜರಾಗಲು ತಿಳಿಸಿದರು.

ಹಿಂದಿನ ದಿನ ಸಂಜೆ ಕೊಟ್ರೇಶ ಸೈಕಲ್ ಮೋಟಾರಿನಲ್ಲಿ ಮನೆಗೇ ಬಂದ. ಬಾಗಿಲಲ್ಲೇ ನಿಂತು ಚಹಾ ಕುಡಿದ. ತನ್ನ ಹೆಸರು ಬರೆಯದಿದ್ದುದು ಅವನ ಮನಸ್ಸಿಗೆ ಮುಟ್ಟಿದಂತಿತ್ತು; ಅಥವಾ ಶನಿವಾರದ ಸಹಿಗಳ ವಿಷಯ ಹೊರಬಿದ್ದರೆ ತನ್ನ ಕಾಲಿಗೂ ಸುತ್ತಿಕೊಳ್ಳುತ್ತದೆ ಎಂಬ ಹೆದರಿಕೆಯೋ.

“ಒಂದ ಮಾತ ನೆನಪಿಟಗೋರಿ. ರುಚಿ ನೋಡಿದ್ರೇನು ಅಂತ ಕೇಳತಾರ. ನೋಡೀನ್ರಿ ಅನ್ರಿ. ಬುಕ್ಕಿನ್ಯಾಗ ಮೂರೂ ಸಹಿ ಅದಾವ. ನೀವ ತಿಂದು ನಿಮಗ ಏನೂ ಆಗಿಲ್ಲ ಅಂದ್ರ ಅಡಿಗಿ ಚೊಲೋ ಇತ್ತಂತ ಆತು. ಆಮ್ಯಾಲ ಅವರ ನೀರಿನ ಕಡೆ ನೋಡಲೇಬೇಕು.”

“ತಿಂದಿಲ್ಲಲ್ರಿ ಸರ ನಾ. ಉಪಾಸ ಇದ್ದೆ.”

“ಅದನ್ನ ಯಾರ ಕೇಳಾಕತ್ತಾರ?”

ಅವನು ಹೋದ ಮೇಲೆ ಕಳಕೇಶನೂ ಅದನ್ನೇ ಹೇಳಿದ. ಒಂದೇ ಮಾತು, ಹೇಳಿ ಬಂದುಬಿಡು. ಮರಿಯವ್ವ ಆಗ ಮನೆಯಲ್ಲಿರಲಿಲ್ಲ; ಗುಡಿಯ ಕಟ್ಟೆಯ ಮೇಲೆ ಪುರಾಣ ಕೇಳಲು ಹೋಗಿದ್ದಳು. ಅವಳು ಬಂದ ಮೇಲೂ ಆ ವಿಷಯ ಎತ್ತುವುದು ಯಾರಿಗೂ ಹೊಳೆಯಲಿಲ್ಲ.

ಗದಗಿನ ಕಚೇರಿ ಎರಡನೆಯ ಮಹಡಿಯಲ್ಲಿತ್ತು, ಮೆಟ್ಟಿಲು ಕಡಿದು. ಹೆಂಡತಿಯ ಪರವಾಗಿ ಮಾತಾಡಲೆಂದು ಬಂದಿದ್ದ ಕಳಕೇಶ ಏಳೆಂಟು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತ. ಮುಖ ಬೆವರಿತ್ತು. ಕೆಳಗೆ ಚಹಾದ ಅಂಗಡಿಯಲ್ಲಿ ಕೂರುತ್ತೇನೆ, ಅವ್ವನನ್ನು ಕರೆದುಕೊಂಡು ಹೋಗು ಎಂದ. ತಾನೂ ಬರುತ್ತೇನೆಂದು ಬೆಳಿಗ್ಗೆ ಹಟ ಹಿಡಿದು ಬಸ್ಸು ಹತ್ತಿದ್ದ ಮರಿಯವ್ವ ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಸೊಸೆಯ ಹಿಂದೆ ಹತ್ತಿದಳು.

ವಿಚಾರಣೆ ಮಾಡುವವರು ಸಿದ್ದಾರೂಢ ಎಂಬ ನಿವೃತ್ತ ಮುಖ್ಯೋಪಾಧ್ಯಾಯರು. ದಪ್ಪ ಕನ್ನಡಕ, ಮೆತ್ತಗಿನ ಮಾತು. ಸಾವಿತ್ರೆವ್ವನಿಗೆ ಕುರ್ಚಿ ತೋರಿಸಿ ಕುಂಡ್ರಿ ಎಂದರು. ಮುದುಕಿಗೂ ಬಾಗಿಲ ಬಳಿಯ ಸ್ಟೂಲು ಕೊಡಿಸಿದರು. ಕಾಗದಗಳನ್ನು ಒಪ್ಪಿಸಲು ಕೊಟ್ರೇಶ ಬಂದಿದ್ದ. ವಾರ್ಡನ್ ಬಂದಿರಲಿಲ್ಲ, ಬರೆದು ಕಳಿಸಿದ್ದರು.

ಸಿದ್ದಾರೂಢರು ರುಚಿ ಬುಕ್ಕು ಬಿಡಿಸಿ ಆ ಸೋಮವಾರದ ಸಾಲಿಗೆ ಬೆರಳಿಟ್ಟರು.

“ಇದು ನಿಮ್ಮ ಸಹಿನಾ?”

“ಹೌದ್ರಿ.”

“ರುಚಿ ನೋಡಿದ್ರಿ?”

ಸಾವಿತ್ರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನೋಡೀನ್ರಿ.”

“ನಿಮಗ ವಾಂತಿ ಗೀಂತಿ ಏನರೆ ಆತು?”

“ಇಲ್ಲರಿ.”

ಅವರು ತಲೆಯಾಡಿಸಿ ಬರೆದುಕೊಂಡರು. ಟಾಕಿಯನ್ನು ಯಾವಾಗ ತೊಳೆದದ್ದು ಎಂದು ಕೊಟ್ರೇಶನನ್ನು ಕೇಳಿದರು. ಮಂಗಳವಾರ ಎಂದ. ಮಾದರಿ ಒಯ್ದದ್ದು ಬುಧವಾರ, ಅಲ್ಲವೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅದನ್ನೂ ಬರೆದರು, ಅದರ ಕೆಳಗೆ ಗೆರೆ ಎಳೆದರು. ಸಾವಿತ್ರೆವ್ವ ಆ ಗೆರೆಯನ್ನು ನೋಡಿದಳು. ಆರು ವಾರದಲ್ಲಿ ಮೊದಲ ಸಲ ಅವಳ ಭುಜ ಸ್ವಲ್ಪ ಇಳಿಯಿತು.

ನಂತರ ಅವರು ವಾರ್ಡನ್ನರ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಮುಖ್ಯ ಅಡುಗೆಯವರು ಸ್ವಚ್ಛತೆಯ ಕಡೆ ಗಮನ ಕೊಡುವುದಿಲ್ಲ, ಸ್ನಾನ ಮಾಡದೆ ಕೆಲಸಕ್ಕೆ ಬರುತ್ತಾರೆ, ಅಡುಗೆ ಮಾಡುತ್ತಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಘಟನೆಯ ದಿನವೂ ಹಾಗೆಯೇ ಮಾಡಿರುವ ಸಾಧ್ಯತೆ ಇದೆ.

ಸಾವಿತ್ರೆವ್ವ ಇಲ್ಲರಿ ಎನ್ನುವಷ್ಟರಲ್ಲಿ ಬಾಗಿಲ ಬಳಿ ಸ್ಟೂಲು ಸರಿದ ಸದ್ದಾಯಿತು.

“ಯಾರ ಬರದಾರ್ರಿ ಅದನ್ನ?” ಮರಿಯವ್ವ ಎದ್ದು ನಿಂತಿದ್ದಳು. “ನನ್ನ ಸೊಸಿ ಎಲಿ ಅಡಿಕಿ ತಿಂದಾಕೆಲ್ಲ. ಇಪ್ಪತ್ತ ವರ್ಷಾತು, ಜಳಕ ಮಾಡದ ಒಲಿ ಮುಟ್ಟಿದಾಕೆಲ್ಲ.”

“ಅತ್ತಿ, ಕುಂಡ್ರಿ,” ಎಂದಳು ಸಾವಿತ್ರೆವ್ವ.

“ನೀ ಸುಮ್ಮಕಿರು. ನಿನಗ ಹೇಳಾಕ ಬರೂದಿಲ್ಲ.” ಮುದುಕಿ ಮೇಜಿನ ತನಕ ಬಂದಳು. “ನೋಡ್ರಿ ಸಾಹೇಬ್ರ, ಅವತ್ತ ಶ್ರಾವಣ ಸ್ವಾಮಾರ, ಚೌತಿ. ನಸಿಕಲೆ ಎದ್ದು ತಣ್ಣೀರ ಹುಯ್ಕೊಂಡು ಹೋಗ್ಯಾಳ ಅಕಿ. ಸಂಜಿ ದೀಪ ಹಚ್ಚೂತನಾ ಒಂದ ಹನಿ ನೀರ ಬಾಯಾಗ ಹಾಕೂದಿಲ್ಲ. ನನ್ನ ಮಗನ ಸಲವಾಗಿ ಹರಕಿ ಐತ್ರಿ. ಇಂಥಾಕಿ ಅವತ್ತ ಎಲಿ ಅಡಿಕಿ ತಿಂತಾಳ?”

ಮೇಲಿನ ಫ್ಯಾನು ತಿರುಗುತ್ತಿತ್ತು. ಕೊಟ್ರೇಶ ತನ್ನ ಚಪ್ಪಲಿ ನೋಡಿಕೊಂಡ.

ಸಿದ್ದಾರೂಢರು ಕನ್ನಡಕ ತೆಗೆದು ಒರೆಸಿದರು. “ಒಂದ ಹನಿ ನೀರೂ ಇಲ್ಲ ಅಂದ್ರಿ?”

“ಇಲ್ಲರಿ. ನಾ ಆಣಿ ಮಾಡಿ ಹೇಳತೀನಿ. ಬರಕೋರಿ.”

ಅವರು ಬರೆದುಕೊಂಡರು. ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಸಾವಿತ್ರೆವ್ವನ ಕಡೆ ತಿರುಗಿದರು. ದನಿ ಮೊದಲಿನಂತೆಯೇ ಮೆತ್ತಗಿತ್ತು. ರುಚಿ ನೋಡದೆ ಸಹಿ ಮಾಡಿದ್ದೀರಿ, ಈಗ ನನ್ನ ಮುಂದೆ ನೋಡಿದ್ದೇನೆ ಎಂದಿರಿ, ಇದಕ್ಕೆ ಏನು ಹೇಳುತ್ತೀರಿ ಎಂದರು.

ಅವಳು ಎಲ್ಲವನ್ನೂ ಹೇಳಿದಳು. ಶನಿವಾರವೇ ಆರು ದಿನದ ಸಹಿ ಆಗುತ್ತದೆ ಎಂದಳು. ಮೇಡಂ ಆ ದಿನ ಲಕ್ಷ್ಮೇಶ್ವರದಲ್ಲಿದ್ದರು, ಅವರ ಸಹಿಯೂ ಅದೇ ಸಾಲಿನಲ್ಲಿದೆ ನೋಡಿ ಎಂದಳು. ಸಿದ್ದಾರೂಢರು ನೋಡಿದರು.

“ಅದು ಖರೆ ಇರಬಹುದು,” ಎಂದರು. “ಆದರ ನನಗ ಕೊಟ್ಟಿದ್ದು ನಿಮ್ಮೊಬ್ಬರ ವಿಚಾರಣಿ. ಅವರದು ಬ್ಯಾರೆ ಆಗಬೇಕಾಕ್ಕೈತಿ.”

ಹೇಳಿಕೆಯ ಕೊನೆಗೆ ಸಾವಿತ್ರೆವ್ವ ಸಹಿ ಮಾಡಿದಳು. ಸಾಕ್ಷಿಯ ಜಾಗದಲ್ಲಿ ಮರಿಯವ್ವನ ಹೆಬ್ಬೆಟ್ಟು ಒತ್ತಿಸಿದರು. ಮುದುಕಿ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ, ಇನ್ನು ಎಲೆ ಅಡಿಕೆ ಸುದ್ದಿ ತೆಗೆಯುವುದಿಲ್ಲ ನೋಡು ಅವರು ಎಂದಳು. ಅರ್ಧ ಮೆಟ್ಟಿಲು ಇಳಿದ ಮೇಲೆ ಸೊಸೆಯ ಮುಖ ನೋಡಿದಳು. “ಯಾಕವ್ವಾ? ನಾ ಏನರೆ ತಪ್ಪ ಹೇಳಿದ್ನೇನ?”

ಸಾವಿತ್ರೆವ್ವ ಅವಳ ಕೈ ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿಸಿದಳು.

ಚಹಾದ ಅಂಗಡಿಯಲ್ಲಿ ಕಳಕೇಶ ಎಲ್ಲವನ್ನೂ ಕೇಳಿದ. ಕೋಲನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡ.

“ಇಪ್ಪತ್ತ ವರ್ಷದಾಗ ಒಂದ ದಿನ ಸೊಸಿನ್ನ ಹೊಗಳಿದಾಕೆಲ್ಲ ನೀನು,” ಎಂದ ತಾಯಿಗೆ. “ಹೊಗಳಾಕ ಅದ ಜಾಗಾ ಸಿಕ್ತನಬೇ ನಿನಗ?”

ಆಗ ಮರಿಯವ್ವನಿಗೆ ತಿಳಿಯಿತು. ಮುಂಡರಗಿಯ ತನಕ ಅವಳು ಬಸ್ಸಿನ ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಡಂಬಳದ ಹತ್ತಿರ ಕಂಡಕ್ಟರು ಅಜ್ಜಿ ಹುಷಾರಿದ್ದಾಳೆಯೇ ಎಂದು ಕೇಳಿದ.

ಅಂದಿನ ಸಂಜೆ ಮುದುಕಿ ಉಣ್ಣಲಿಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗಿ, ಬೆಳಿಗ್ಗೆ ಏಳುವಾಗ ತಲೆತಿರುಗಿ ಬಚ್ಚಲ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಸಾವಿತ್ರೆವ್ವ ಅವಳನ್ನು ಎತ್ತಿ ಕೂರಿಸಿ, ಬೆಲ್ಲದ ನೀರು ಕುಡಿಸಿ, ಹಣೆಗೆ ಅರಿಸಿನ ಒತ್ತಿ, ನಿಮ್ಮನ್ನು ದವಾಖಾನೆಗೆ ಒಯ್ಯಲು ಈಗ ನನ್ನ ಬಳಿ ಏನಿದೆ ಎಂದು ಬೈದಳು. ಅದರ ನಂತರ ಮುದುಕಿ ಹೊತ್ತಿಗೆ ಸರಿಯಾಗಿ ತಾಟಿನ ಮುಂದೆ ಕೂರುತ್ತಿದ್ದಳು. ಆದರೆ ತುತ್ತು ಮುರಿಯುವ ಮೊದಲು ಸೊಸೆಯನ್ನು ಕೇಳುವುದು ರೂಢಿಯಾಯಿತು: ನೀ ಉಂಡೀ?

ಆದೇಶ ದಸರೆಯ ಹಿಂದಿನ ವಾರ ಬಂತು. ಎರಡು ಹಾಳೆ. ಸುಶ್ಮಿತಾ ಹೊಸ್ತಿಲ ಮೇಲೆ ಕೂತು ಓದಿದಳು. ದಾಖಲೆಯಲ್ಲಿ ಸುಳ್ಳು ನಮೂದು ಮಾಡಿದ್ದು. ವಿಚಾರಣಾಧಿಕಾರಿಗಳ ಮುಂದೆ ಸುಳ್ಳು ಹೇಳಿಕೆ ಕೊಟ್ಟಿದ್ದು. ಉತ್ತರ ಸಲ್ಲಿಸಲು ವಿಳಂಬ ಮಾಡಿದ್ದು. ಈ ಮೂರು ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ. ಸಿಬ್ಬಂದಿಯ ಮಕ್ಕಳಿಗೆ ಇರುವ ಸೌಲಭ್ಯ ದಸರೆ ರಜೆಯ ನಂತರ ನಿಲ್ಲುತ್ತದೆ.

“ಟಾಕಿ ಸುದ್ದಿ ಎಲ್ಲೈತಿ, ಓದು,” ಎಂದಳು ಮರಿಯವ್ವ.

“ಇಲ್ಲ ಆಯಿ.”

“ಹುಡುಗ್ಯಾರು ವಾಂತಿ ಮಾಡ್ಕೊಂಡದ್ದು?”

ಸುಶ್ಮಿತಾ ಎರಡೂ ಹಾಳೆಯನ್ನು ತಿರುವಿ ನೋಡಿದಳು. “ಅದೂ ಇಲ್ಲ.”

ಕಳಕೇಶ ಮೇಲ್ಮನವಿ ಹಾಕೋಣ ಎಂದ. ಯಾರ ಮೂಲಕ ಎಂದು ಸಾವಿತ್ರೆವ್ವ ಕೇಳಿದಳು.

ಸುಶ್ಮಿತಾ ತಾನು ಊರೊಳಗಿನ ಬೇರೆ ಶಾಲೆಗೆ ಹೋಗುತ್ತೇನೆ, ಅಳಬೇಡ ಎಂದು ತಾಯಿಗೆ ಹೇಳಿದಳು. ಸಾವಿತ್ರೆವ್ವ ಅಳುತ್ತಿರಲಿಲ್ಲ. ಅದನ್ನು ಹೇಳಿದ ಹುಡುಗಿಯೇ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಶನಿವಾರ ಚಾರ್ಜ್ ಒಪ್ಪಿಸಲು ಶಾಲೆಗೆ ಹೋಗಬೇಕಿತ್ತು. ಕೊಟ್ರೇಶ ಪಟ್ಟಿ ಹಿಡಿದು ಒಂದೊಂದನ್ನೇ ಕೂಗಿದ: ಪಾತೇಲಿ ಹನ್ನೊಂದು, ಸೌಟು ಒಂಬತ್ತು, ಲಟ್ಟಣಿಗೆ ನಾಲ್ಕು. ಸಾವಿತ್ರೆವ್ವ ಮುಟ್ಟಿ ತೋರಿಸಿದಳು. ಒಂದು ಜಾಲರಿ ಸೌಟು ಕಡಿಮೆ ಬಂತು. ಅದರ ಹಿಡಿ ಮುರಿದು ಮೂರು ವರ್ಷವಾಯಿತು ಎಂದಳು. ಮುರಿದ ಸೌಟು ಎಲ್ಲಿ ಎಂದ. ಹನಮವ್ವ ಹಿತ್ತಲ ಕಸದಲ್ಲಿ ಹುಡುಕಿ, ತುಕ್ಕು ಹಿಡಿದ ಅದರ ತಟ್ಟೆಯನ್ನು ತಂದು ಪಟ್ಟಿಯ ಮೇಲೆ ಇಟ್ಟಳು. ಆಗ ಅವನು ಗುರುತು ಹಾಕಿದ.

ಪಟ್ಟಿ ಮುಗಿದ ಮೇಲೆ ಅವನು ಮೊಳೆಯಿಂದ ರುಚಿ ಬುಕ್ಕು ತೆಗೆದ. ಹನಮವ್ವ ಈಗ ಮುಖ್ಯ ಅಡುಗೆಯವಳು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿದಳು. ವಾರ್ಡನ್ನರ ಸಹಿ ಆರೂ ಸಾಲಿಗೆ ಆಗಲೇ ಬಿದ್ದಿತ್ತು.

“ಜಲ್ದಿ ಮಾಡಬೇ, ಫೋಟೋ ಕಳಸೂದೈತಿ,” ಎಂದ ಕೊಟ್ರೇಶ. ಸಾವಿತ್ರೆವ್ವ ನೋಡುತ್ತಿದ್ದುದು ಅವನಿಗೆ ಕಂಡಿತು. ಬೇರೆ ಕಡೆ ತಿರುಗಿದ.

ಹನಮವ್ವ ಮೂರನೆಯ ಸಾಲಿಗೆ ನಿಂತಳು. “ನಾ ಏನ ಮಾಡ್ಲಿ ಅಕ್ಕಾ?” ಎಂದಳು ಸಣ್ಣ ದನಿಯಲ್ಲಿ. “ಮಾಡೂದಿಲ್ಲಂದ್ರ ಬ್ಯಾರೆದಾರ್ನ ತಗೋತಾರಂತ.”

“ಮಾಡು,” ಎಂದಳು ಸಾವಿತ್ರೆವ್ವ. “ಉಪಾಸ ಗಿಪಾಸ ಮಾಡಾಕ ಹೋಗಬ್ಯಾಡ. ಮಾಡಿದ್ರ ಮನ್ಯಾಗ ಯಾರಿಗೂ ಹೇಳಬ್ಯಾಡ.”

ದಸರೆ ಮುಗಿಯಿತು. ಅಡುಗೆಯ ಕೆಲಸಕ್ಕೆ ಕೇಳಿದ ಎರಡು ಕಡೆ, ನೀನು ಆ ಶಾಲೆಯವಳಲ್ಲವೇ ಎಂದು ಕೇಳಿ, ಆಮೇಲೆ ತಿಳಿಸುತ್ತೇವೆ ಎಂದರು. ಸಾವಿತ್ರೆವ್ವ ಉಳ್ಳಾಗಡ್ಡಿ ಕೊಯ್ಯುವ ಕೂಲಿಗೆ ಹೋಗತೊಡಗಿದಳು. ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಒಯ್ದು ಹೊತ್ತು ಮುಳುಗುವಾಗ ತಂದು ಬಿಡುತ್ತಿದ್ದರು. ನೀರಿನಲ್ಲಿ ಎಷ್ಟು ತೊಳೆದರೂ ಕೈಯ ನಾತ ಹೋಗುತ್ತಿರಲಿಲ್ಲ, ರೊಟ್ಟಿಗೂ ಹತ್ತುತ್ತಿತ್ತು.

ಒಂದು ಸೋಮವಾರ ಅವಳು ಬರುವುದು ತಡವಾಯಿತು. ಸುಶ್ಮಿತಾ ಮಾಡಿಟ್ಟ ಐದು ರೊಟ್ಟಿಯಲ್ಲಿ ಕಳಕೇಶ ಎರಡು ತಿಂದು ಹೊರಗೆ ಕೂತಿದ್ದ. ಹುಡುಗಿ ಒಂದು ತಿಂದು ಹೊಸ ಶಾಲೆಯ ಪಾಠ ಬರೆಯುತ್ತಿದ್ದಳು. ಹಿಟ್ಟು ತೀರಿತ್ತು. ಉಳಿದ ಎರಡನ್ನು ಸಾವಿತ್ರೆವ್ವ ಅತ್ತೆಯ ತಾಟಿಗೆ ಹಾಕಿ, ಬೇಳೆ ಸಾರು ಬಿಟ್ಟು, ಮುಂದೆ ಸರಿಸಿದಳು.

ಮರಿಯವ್ವ ತಾಟು ಮುಟ್ಟದೆ ಅವಳ ಮುಖ ನೋಡಿದಳು. ಕಣ್ಣಿನ ಪೊರೆ ಈಚೆಗೆ ಬಲಿತಿತ್ತು, ಬುಟ್ಟಿಯಲ್ಲಿ ಏನು ಉಳಿದಿದೆ ಎಂಬುದು ಅವಳಿಗೆ ಕಾಣುತ್ತಿರಲಿಲ್ಲ.

“ನೀ ಉಂಡೀ?”

“ಉಂಡೀನತ್ತಿ.”

“ಖರೆನಾ?”

“ಹೊಲದಾಗ ಬುತ್ತಿ ಹೆಚ್ಚಿಗಿ ಇತ್ತು. ಹೊಟ್ಟಿ ಬಿರಿಯೂವಂಗ ಉಂಡೀನಿ. ನೀವ ಉಣ್ರಿ.”

ಸುಶ್ಮಿತಾ ಪುಸ್ತಕದಿಂದ ತಲೆಯೆತ್ತಿದಳು. ತಾಯಿ ಅವಳ ಕಡೆ ನೋಡಿದಳು. ಹುಡುಗಿ ಮತ್ತೆ ಬರೆಯತೊಡಗಿದಳು.

ಮುದುಕಿ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. “ಉಪ್ಪು ಬರೊಬ್ಬರಿ ಐತಿ,” ಎಂದಳು.